ಹೆಣದಡಿಯ ಬಾಲ ಎತ್ತುವ ಹುಳ: ಚೇಳೂ ಅಲ್ಲ, ಆ್ಯಸಿಡ್ ಹುಳವೂ ಅಲ್ಲ

ಪ್ರಶ್ನೆ: ನಮ್ಮ ಮನೆ ಬ್ರಹ್ಮಾವರದ ಹತ್ತಿರ. ದನದ ಹಟ್ಟಿಯ ಹಿಂದೆ, ಅಡಿಕೆ ತೋಟ ಮುಗಿದು ಹಾಡಿ (ಸಣ್ಣ ಕಾಡು) ಶುರುವಾಗುವಲ್ಲಿ ಒಂದು ಮುಂಗುಸಿ ಸತ್ತು ಬಿದ್ದಿತ್ತು. ನಾವು ನೋಡಿದ ನಾಲ್ಕನೇ ದಿನ ಕೋಲಿನಿಂದ ಹೊರಳಿಸಿದಾಗ ಅಡಿಯಿಂದ ಉದ್ದನೆಯ ಕಪ್ಪು ಹುಳಗಳು ಹೊರಬಿದ್ದು, ಚೇಳಿನ ಹಾಗೆ ಬಾಲ ಎತ್ತಿಕೊಂಡು ಓಡಿದವು. ಅದು ಚೇಳಿನ ಜಾತಿ, ಕುಟುಕುತ್ತದೆ ಎಂದು ಅತ್ತೆ ಹೇಳುತ್ತಾರೆ. ಮೈಮೇಲೆ ಹರಿದರೆ ಗುಳ್ಳೆ ಏಳುವ ಆ್ಯಸಿಡ್ ಹುಳವೇ ಇದು ಎನ್ನುವುದು ಪಕ್ಕದ ಮನೆಯವರ ಮಾತು. ಮೊಬೈಲ್ ಆ್ಯಪ್ ಒಂದು ಫೋಟೋಗೆ ‘ಕ್ರಿಯೋಫಿಲಸ್ ಮ್ಯಾಕ್ಸಿಲೋಸಸ್’ ಎಂದಿತು, ಇನ್ನೊಂದಕ್ಕೆ ‘ಪೀಡೆರಸ್’ ಎಂದಿತು. ಬಿಎಸ್ಸಿ ಓದುತ್ತಿರುವ ಮಗಳು ಇದನ್ನೇ ಕಾಲೇಜಿನ ಪ್ರಾಜೆಕ್ಟ್ ಮಾಡುತ್ತೇನೆ ಎಂದು ಕೂತಿದ್ದಾಳೆ. ಇದು ಯಾವ ಹುಳ? ಅಪಾಯ ಉಂಟೇ? ಹುಳ ನೋಡಿ ಮುಂಗುಸಿ ಯಾವಾಗ ಸತ್ತಿತು, ವಿಷ ತಿಂದು ಸತ್ತಿತೇ ಎಂದು ಹೇಳಬಹುದೇ? ನಮ್ಮ ಕೋಳಿಗಳು ಆ ಜಾಗದಲ್ಲೇ ಕೆದಕುತ್ತವೆ.
– ಓದುಗರೊಬ್ಬರು, ಉಡುಪಿ ಜಿಲ್ಲೆ

ಉತ್ತರ: ನೀವು ಬರೆದ ನಡವಳಿಕೆ ಮತ್ತು ಜಾಗ ಎರಡನ್ನೂ ನೋಡಿದರೆ ಇದು ರೋವ್ ಬೀಟಲ್, ಅಂದರೆ ಸ್ಟಾಫಿಲಿನಿಡೇ ಕುಟುಂಬದ ಜೀರುಂಡೆ. ಚೇಳಿಗೂ ಇದಕ್ಕೂ ಸಂಬಂಧವಿಲ್ಲ. ಬಾಲದ ತುದಿಯಲ್ಲಿ ಮುಳ್ಳಿಲ್ಲ, ಆದ್ದರಿಂದ ಕುಟುಕುವ ಪ್ರಶ್ನೆಯೇ ಬರುವುದಿಲ್ಲ. ದೊಡ್ಡ ಜಾತಿಯದನ್ನು ಬೆರಳಲ್ಲಿ ಹಿಡಿದರೆ ದವಡೆಯಿಂದ ಚಿವುಟೀತು, ಅದರಲ್ಲಿ ವಿಷವಿಲ್ಲ. ಬಾಲ ಎತ್ತುವುದಕ್ಕೆ ಎರಡು ಕಾರಣ. ಒಂದು ಹೆದರಿಸುವುದು, ಜೊತೆಗೆ ಹೊಟ್ಟೆಯ ತುದಿಯ ಗ್ರಂಥಿಯಿಂದ ನಾತದ ದ್ರವ ಬಿಡುವುದು. ಎರಡನೆಯದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ: ಹಾರುವ ರೆಕ್ಕೆಗಳನ್ನು ಮಡಚಿ ಗಿಡ್ಡ ಕವಚದೊಳಗೆ ತುರುಕಲು ಇದು ಹೊಟ್ಟೆಯನ್ನೇ ಕೈಯಂತೆ ಬಳಸುತ್ತದೆ. ಹಾರಿ ಬಂದು ಇಳಿದ ಮೇಲೆ ಬಾಲ ಮೇಲೆ ಕೆಳಗೆ ಆಡಿಸುವುದು ಕಂಡರೆ ಅದು ಸಿಟ್ಟಲ್ಲ, ರೆಕ್ಕೆ ಮಡಚುವ ಕೆಲಸ.

ಪಕ್ಕದ ಮನೆಯವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಗುಳ್ಳೆ ಏಳಿಸುವ ಪೀಡೆರಸ್ ಕೂಡ ಇದೇ ಕುಟುಂಬದ್ದು. ಆದರೆ ಅದನ್ನು ಬಣ್ಣದಿಂದಲೇ ಬೇರ್ಪಡಿಸಬಹುದು. 7ರಿಂದ 10 ಮಿಲಿಮೀಟರ್ ಉದ್ದ, ತಲೆ ಕಪ್ಪು, ಕುತ್ತಿಗೆಯ ಹಿಂದಿನ ಭಾಗ ಕಿತ್ತಳೆ, ಗಿಡ್ಡ ರೆಕ್ಕೆಕವಚ ಮಿರುಗುವ ನೀಲಿ, ಹೊಟ್ಟೆ ಕಿತ್ತಳೆ, ತುದಿ ಮತ್ತೆ ಕಪ್ಪು. ಇಷ್ಟು ಪಟ್ಟೆ ಇದ್ದರೆ ಪೀಡೆರಸ್. ಪೂರ್ತಿ ಕಪ್ಪೋ ಕಂದೋ ಆಗಿದ್ದರೆ ಅಲ್ಲ. ಅದರ ಮನೆ ಹೆಣವಲ್ಲ, ಬೈಲು. ಭತ್ತದ ಗದ್ದೆಯಲ್ಲಿ ಜಿಗಿಹುಳದಂಥವನ್ನು ತಿಂದು ರೈತನಿಗೆ ಉಪಕಾರವನ್ನೇ ಮಾಡುತ್ತದೆ. ಮಳೆಗಾಲದಲ್ಲಿ, ಏಣೇಲು (ಮಳೆಗಾಲದ ಭತ್ತದ ಬೆಳೆ) ಕೊಯ್ಲಿನ ಆಸುಪಾಸಿನಲ್ಲಿ ರಾತ್ರಿ ಟ್ಯೂಬ್‌ಲೈಟಿಗೆ ಬಂದು ಹಾಸಿಗೆಗೆ ಬೀಳುತ್ತದೆ, ತೊಂದರೆ ಆಗುವುದು ಆಗ. ಅದೂ ಕಚ್ಚುವುದಿಲ್ಲ, ಕುಟುಕುವುದಿಲ್ಲ, ಸುಮ್ಮನೆ ಹರಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಕೈಯಿಂದ ಉಜ್ಜಿ ಕೊಂದಾಗ ಅದರ ದೇಹರಸದಲ್ಲಿರುವ ಪೆಡೆರಿನ್ ಎಂಬ ವಿಷ ಚರ್ಮಕ್ಕೆ ತಾಗಿ, ಒಂದೆರಡು ದಿನ ಕಳೆದು ಗೆರೆ ಎಳೆದ ಹಾಗೆ ಕೆಂಪಾಗಿ ಗುಳ್ಳೆ ಏಳುತ್ತದೆ. ಪೆಡೆರಿನ್ ತಯಾರಿಸುವುದು ಹುಳವಲ್ಲ, ಅದರೊಳಗಿನ ಬ್ಯಾಕ್ಟೀರಿಯಾ. ಇದನ್ನು ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಸರ್ಪಸುತ್ತು ಎಂದು ತಿಳಿದು ಕಾವಿ, ಸುಣ್ಣ ಹಚ್ಚುತ್ತಾರೆ. ಸುಟ್ಟ ಚರ್ಮ ಮತ್ತಷ್ಟು ಸುಡುತ್ತದೆ. ಪೀಡೆರಸ್ ಮೈಮೇಲೆ ಕಂಡರೆ ಊದಿ ಹಾರಿಸಿ ಅಥವಾ ಕಾಗದದ ಮೇಲೆ ಹತ್ತಿಸಿ ಬಿಡಿ. ಉಜ್ಜಿದ್ದೇ ಆದರೆ ತಕ್ಷಣ ಸೋಪು ನೀರಲ್ಲಿ ತೊಳೆಯಿರಿ, ಆ ಕೈ ಕಣ್ಣಿಗೆ ಹೋಗದಿರಲಿ, ಬಟ್ಟೆಯನ್ನೂ ಒಗೆಯಿರಿ. ಗುಳ್ಳೆ ಕಣ್ಣಿನ ಹತ್ತಿರವಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ.

ಇನ್ನು ನಿಮ್ಮ ಮುಂಗುಸಿಯ ಕೆಳಗಿನ ಹುಳ. ಇವು ಹೆಣ ತಿನ್ನಲು ಬಂದಿವೆ ಎಂದೇ ಎಲ್ಲರೂ ಅಂದುಕೊಳ್ಳುತ್ತಾರೆ. ಹೆಚ್ಚಿನವು ಬಂದಿರುವುದು ನೊಣದ ಮರಿಹುಳು ತಿನ್ನಲು. ಸತ್ತ ಪ್ರಾಣಿಯ ಮೇಲೆ ಮೊದಲು ಬರುವುದು ಕ್ರೈಸೋಮಿಯಾ ಜಾತಿಯ ನೀಲಿ-ಹಸಿರು ನೊಣಗಳು, ಸತ್ತ ಕೆಲವೇ ಗಂಟೆಗಳಲ್ಲಿ, ಹಗಲಾದರೆ ಇನ್ನೂ ಬೇಗ. ಮೊಟ್ಟೆ ಒಡೆದು ಬಿಳಿ ಹುಳು ತುಂಬಿಕೊಂಡ ಮೇಲೆ ರೋವ್ ಬೀಟಲ್ ಜಮಾಯಿಸುತ್ತವೆ. ಆದ್ದರಿಂದಲೇ ಇವು ಹೆಚ್ಚಾಗಿ ಸಿಗುವುದು ಹೆಣದ ಮೇಲಲ್ಲ, ಅಡಿಯಲ್ಲಿ, ಬಾಯಿ-ಮೂಗಿನ ಸುತ್ತ, ಒದ್ದೆ ಮಣ್ಣಿನ ಸಂದಿನಲ್ಲಿ. ಯಾವ ಜಾಗದಲ್ಲಿ ಸಿಕ್ಕಿತು ಎನ್ನುವುದು ಗುರುತಿಸುವ ಕೆಲಸದ ಅರ್ಧ ಭಾಗ. ಫೋಟೋ ಮಾತ್ರ ನೋಡುವ ಆ್ಯಪ್‌ಗೆ ಗೊತ್ತಾಗದೇ ಇರುವುದೂ ಅದೇ.

ಮಗಳು ಮೊದಲು ಇದು ರೋವ್ ಬೀಟಲ್ ಹೌದೇ ಎಂದು ಖಚಿತ ಮಾಡಿಕೊಳ್ಳಲಿ. ಗಿಡ್ಡ ಜಾಕೆಟ್ ತೊಟ್ಟ ಹಾಗೆ ರೆಕ್ಕೆಕವಚ ಬೆನ್ನಿನ ಮೇಲ್ಭಾಗಕ್ಕೇ ನಿಂತು, ಅದರ ಹಿಂದೆ ಹೊಟ್ಟೆಯ ಐದಾರು ಉಂಗುರಗಳು ಬರಿದಾಗಿ, ಎಲ್ಲಾ ದಿಕ್ಕಿಗೂ ಬಾಗುವಂತಿರಬೇಕು. ಇಲ್ಲಿ ನಾಲ್ಕು ಬಗೆಯವು ಮೋಸ ಮಾಡುತ್ತವೆ. ಇಯರ್‌ವಿಗ್ ಎಂಬ ಕೀಟದ್ದೂ ಗಿಡ್ಡ ಕವಚವೇ, ಆದರೆ ಬಾಲದಲ್ಲಿ ಇಕ್ಕಳ ಇರುತ್ತದೆ. ಹಿಸ್ಟರ್ ಎಂಬ ದುಂಡನೆಯ, ಹೊಳೆಯುವ, ಗಟ್ಟಿ ಕಪ್ಪು ಜೀರುಂಡೆಯೂ ಹೆಣದ ಮರಿಹುಳುಗಳನ್ನೇ ತಿನ್ನುತ್ತದೆ. ಅದರಲ್ಲಿ ಹೊರಗೆ ಕಾಣುವುದು ಕೊನೆಯ ಎರಡೇ ಉಂಗುರ, ಮುಟ್ಟಿದರೆ ಕಾಲು ಮಡಚಿ ಸತ್ತಂತೆ ನಟಿಸುತ್ತದೆ. ಹೆಣದ ಜೀರುಂಡೆ ಎನ್ನುವ ಸಿಲ್ಫಾ ಗುಂಪಿನವು ಅಗಲ, ಚಪ್ಪಟೆ, ಮೀಸೆಯ ತುದಿ ಉಂಡೆಯಾಗಿ ದಪ್ಪ. (ಹಳೆಯ ಪಠ್ಯಗಳಲ್ಲಿ ಅದು ಬೇರೆ ಕುಟುಂಬ, 2022ರ ವರ್ಗೀಕರಣ ಪರಿಷ್ಕರಣೆಯಲ್ಲಿ ಅದನ್ನೂ ಸ್ಟಾಫಿಲಿನಿಡೇ ಒಳಗೇ ಸೇರಿಸಿದ್ದಾರೆ. ಪ್ರಾಜೆಕ್ಟಿನಲ್ಲಿ ಯಾವ ವರ್ಗೀಕರಣ ಅನುಸರಿಸಿದ್ದೇವೆ ಎಂದು ಒಂದು ಸಾಲು ಬರೆದರೆ ಪರೀಕ್ಷಕರ ಜೊತೆ ಜಗಳ ತಪ್ಪುತ್ತದೆ.) ನಾಲ್ಕನೆಯದು ರೋವ್ ಬೀಟಲ್‌ನದೇ ಮರಿ: ರೆಕ್ಕೆಯಿಲ್ಲ, ಉದ್ದ ದೇಹ, ಆರು ಕಾಲು, ಹಿಂದೆ ಎರಡು ಬಾಲದೆಳೆ. ನೊಣದ ಮರಿಗೆ ಕಾಲೇ ಇಲ್ಲವಾದ್ದರಿಂದ ಗೊಂದಲ ಬೇಡ.

ಇದು ದಾಟಿದ ಮೇಲೆ ಗುಂಪು ಗುರುತಿಸುವುದು. ಪ್ರಪಂಚದಲ್ಲಿ ಇವುಗಳ ಹೆಸರಿಟ್ಟ ಜಾತಿಗಳೇ 60,000ಕ್ಕೂ ಮೇಲೆ, ಹಾಗಾಗಿ ಜಾತಿಯ ಹೆಸರನ್ನೇ ಹಿಡಿದು ಹೊರಡಬೇಡಿ. 10 ಪಟ್ಟು ದೊಡ್ಡದು ಮಾಡುವ ಕೈಮಸೂರದಲ್ಲಿ ನಾಲ್ಕು ಗುಂಪನ್ನು ಸುಮಾರಾಗಿ ಬೇರ್ಪಡಿಸಬಹುದು, ಪ್ರಾಜೆಕ್ಟಿಗೆ ಅದು ಧಾರಾಳ ಸಾಕು.

ದೊಡ್ಡವು, ಒಂದು ಸೆಂಟಿಮೀಟರಿಗಿಂತ ಉದ್ದ, ಒಂದರ ಮೇಲೊಂದು ಹಾಯುವ ಕುಡಗೋಲು ದವಡೆ, ಹೆಣದ ಮೇಲೆಯೇ ರಾಜಾರೋಷವಾಗಿ ಓಡಾಟ – ಇವು ಕ್ರಿಯೋಫಿಲಸ್, ಪ್ಲಾಟಿಡ್ರಾಕಸ್ ಮುಂತಾದವು. ನಿಮ್ಮ ಆ್ಯಪ್ ಹೇಳಿದ ಕ್ರಿಯೋಫಿಲಸ್ ಮ್ಯಾಕ್ಸಿಲೋಸಸ್ ಯುರೋಪ್ ಮತ್ತು ಉತ್ತರ ಅಮೆರಿಕದ ಹೆಣಗಳ ಮೇಲೆ ತೀರಾ ಸಾಮಾನ್ಯ. ಅಲ್ಲಿಯ ಫೋಟೋಗಳೇ ಅಂತರ್ಜಾಲದಲ್ಲಿ ತುಂಬಿರುವುದರಿಂದ ಆ್ಯಪ್ ದೊಡ್ಡ ಕಪ್ಪು ರೋವ್ ಬೀಟಲ್ ಕಂಡ ಕೂಡಲೇ ಆ ಹೆಸರು ಹೇಳಿಬಿಡುತ್ತದೆ. ಬೂದು ರೋಮ ಇದೆ, ಗಾತ್ರ ಸರಿ ಇದೆ ಎನ್ನುವಷ್ಟಕ್ಕೆ ಆ ಚೀಟಿ ಅಂಟಿಸಬಾರದು.

ನೀವು ಕಂಡದ್ದು ಬಹುಶಃ ಎರಡನೇ ಗುಂಪು, ಫಿಲಾಂಥಸ್ (Philonthus) ಮತ್ತು ಅದರ ಹತ್ತಿರದ ನೆಂಟರು. 5ರಿಂದ 12 ಮಿಲಿಮೀಟರ್, ಸಪೂರ, ಹೊಳೆಯುವ ಕಪ್ಪು, ಬಲು ಚುರುಕು. ತಲೆಯ ಹಿಂದಿನ ಫಲಕವನ್ನು ಓರೆ ಬೆಳಕಲ್ಲಿ ನೋಡಿ: ಮಧ್ಯದ ಆಚೀಚೆ ಸೂಜಿ ಚುಚ್ಚಿದಂಥ ಚುಕ್ಕೆಗಳ ಎರಡು ಸಾಲು ಕಾಣುತ್ತದೆ. ಒಂದು ಸಾಲಿನಲ್ಲಿ ಎಷ್ಟು ಚುಕ್ಕೆ ಎನ್ನುವುದರ ಮೇಲೆ ಫಿಲಾಂಥಸ್ ಜಾತಿಗಳನ್ನು ಒಳಗುಂಪು ಮಾಡುವುದು ಹಳೆಯ ಪದ್ಧತಿ. ಎಣಿಸುವಾಗ ಮುಂದಿನ ಅಂಚಿಗೆ ತಾಗಿರುವ ಚುಕ್ಕೆಯನ್ನು ಬಿಡಬೇಕು, ವಿದ್ಯಾರ್ಥಿಗಳು ತಪ್ಪುವುದು ಇಲ್ಲೇ. ಎಡಸಾಲಿಗೂ ಬಲಸಾಲಿಗೂ ಲೆಕ್ಕ ಬೇರೆ ಬಂದರೆ ಹೆದರುವುದು ಬೇಡ, ಒಂದೇ ಹುಳದಲ್ಲಿ ಹಾಗಿರುವುದುಂಟು; ಐದಾರು ಹುಳ ನೋಡಿ ನಿರ್ಧರಿಸಿ.

ಮೂರನೆಯದು ಅಲಿಯೋಕಾರಾ. ನನ್ನ ಮಟ್ಟಿಗೆ ಹೆಣದ ಸುತ್ತ ಇದರಷ್ಟು ಸ್ವಾರಸ್ಯದ ಹುಳ ಇನ್ನೊಂದಿಲ್ಲ. ಹೆಚ್ಚಿನವು ಚಿಕ್ಕವು, ದೇಹ ನಡುವೆ ದಪ್ಪ, ಎರಡೂ ಕಡೆ ಸಪೂರ, ಮೀಸೆ ಮೋಟು. ಮೀಸೆ ಹೊರಡುವ ಜಾಗ ಗಮನಿಸಿ: ಫಿಲಾಂಥಸ್‌ನಲ್ಲಿ ಅದು ತಲೆಯ ಮುಂದಿನ ಅಂಚಿನಲ್ಲಿ, ಇದರಲ್ಲಿ ಹಿಂದಕ್ಕೆ, ಕಣ್ಣುಗಳ ನಡುವೆ ಹಣೆಯ ಮೇಲೆ. ಇದರ ಮರಿ ನೊಣದ ಕಂದು ಕೋಶ ಹುಡುಕಿ, ಗೋಡೆ ಕೊರೆದು ಒಳನುಗ್ಗಿ, ಒಳಗಿರುವ ನೊಣದ ಪ್ಯೂಪಾವನ್ನು (ಮರಿ ನೊಣವಾಗುವ ನಡುವಿನ ಹಂತ) ತಿಂದು ಬೆಳೆಯುತ್ತದೆ. ಬೆಳೆದ ನೊಣದ ಮರಿಗಳು ಹೆಣ ಬಿಟ್ಟು ಪಕ್ಕದ ಮಣ್ಣಿಗೆ ಹೋಗಿ ಕೋಶವಾಗುವುದರಿಂದ, ಒಂದೆರಡು ಮೀಟರ್ ಆಚೆಗೂ ತರಗೆಲೆ ಸರಿಸಿ ಮಣ್ಣು ನೋಡಬೇಕು. ಸಿಕ್ಕ ಖಾಲಿ ಕೋಶಗಳನ್ನು ಎಸೆಯಬೇಡಿ. ಒಂದು ತುದಿ ಮುಚ್ಚಳ ತೆರೆದ ಹಾಗೆ ಬಿಟ್ಟಿದ್ದರೆ ನೊಣ ಹೊರಬಂದದ್ದು, ನಯವಾದ ಸಣ್ಣ ದುಂಡು ತೂತು ಇದ್ದರೆ ಪರಾವಲಂಬಿ ಕಣಜ, ಒರಟು ಅಂಚಿನ ಹರಕು ತೂತು ಇದ್ದರೆ ಅಲಿಯೋಕಾರಾ ಇರಬಹುದೆಂದು ಅನುಮಾನಿಸಿ. ಕೆಲವು ಜಾತಿಗಳ ಮರಿ ಕೋಶದಿಂದ ಹೊರಬಂದು ಮಣ್ಣಲ್ಲಿ ಪ್ಯೂಪಾ ಆಗುತ್ತದೆ, ಹಾಗಾಗಿ ತೂತು ಒಂದೇ ಸಾಕ್ಷಿ ಸಾಲದು. ತುಂಬಿದ ಕೋಶಗಳನ್ನು ಒದ್ದೆ ಮರಳು ಹಾಕಿದ ಡಬ್ಬಿಯಲ್ಲಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿ ಕಾದರೆ ಏನು ಹೊರಬರುತ್ತದೆಂದು ಕಣ್ಣಾರೆ ತಿಳಿಯುತ್ತದೆ.

ನಾಲ್ಕನೆಯದು ಆಕ್ಸಿಟೆಲಸ್, ಅನೋಟಿಲಸ್. ಸಣ್ಣ, ಚಪ್ಪಟೆ, ಮಂಕು, ತಲೆಯ ಹಿಂದಿನ ಫಲಕದಲ್ಲಿ ಉದ್ದುದ್ದ ಗೀರು, ಮುಂಗಾಲಿನಲ್ಲಿ ಮುಳ್ಳು. ಪಾದದಲ್ಲಿ ಮೂರೇ ಗಂಟು, ಆದರೆ ಅದನ್ನು ಎಣಿಸಲು 40 ಪಟ್ಟಿನ ಸೂಕ್ಷ್ಮದರ್ಶಕ ಬೇಕು. ಸಗಣಿಯಲ್ಲೂ ಇವು ಹೇರಳ. ಹಟ್ಟಿ ಪಕ್ಕದಲ್ಲೇ ಇರುವುದರಿಂದ ನಿಮ್ಮಲ್ಲಿ ಸಿಕ್ಕವು ಮುಂಗುಸಿಗಾಗಿ ಬಂದವೋ ಗೊಬ್ಬರಗುಂಡಿಯಿಂದ ಬಂದವೋ ಹೇಳುವುದು ಕಷ್ಟ. ಗೊಬ್ಬರದಿಂದಲೂ ಒಂದು ಮಾದರಿ ತೆಗೆದು ಹೋಲಿಸಿದರೆ ಪ್ರಾಜೆಕ್ಟಿಗೆ ತೂಕ ಬರುತ್ತದೆ.

ಜಾತಿಯ ಮಟ್ಟಕ್ಕೆ ಹೋಗಲು ಬಹಳ ಸಲ ಗಂಡಿನ ಜನನಾಂಗವನ್ನು ಬಿಡಿಸಿ ನೋಡಬೇಕಾಗುತ್ತದೆ. ಭಾರತದ ಜಾತಿಗಳಿಗೆ ಮ್ಯಾಲ್ಕಮ್ ಕ್ಯಾಮೆರಾನ್ 1930ರಿಂದ 1939ರವರೆಗೆ ಬರೆದ ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಸಂಪುಟಗಳು ಇಂದಿಗೂ ಆರಂಭದ ಬಿಂದು, ಆದರೆ ಅದರಲ್ಲಿನ ಎಷ್ಟೋ ಹೆಸರುಗಳು ಆಮೇಲೆ ಬದಲಾಗಿವೆ. ‘ಫಿಲಾಂಥಸ್ ಜಾತಿ 1, ಜಾತಿ 2’ ಎಂದು ಬರೆದು ನಿಲ್ಲಿಸುವುದರಲ್ಲಿ ಅವಮಾನವಿಲ್ಲ. ತಪ್ಪು ಹೆಸರಿಗಿಂತ ಅದು ಲೇಸು.

ಹಿಡಿಯುವ ವಿಧಾನ ಹೇಳುವ ಮೊದಲು ಒಂದು ಎಚ್ಚರಿಕೆ. ಸತ್ತದ್ದು ಮಂಗವಾದರೆ ಹತ್ತಿರವೂ ಹೋಗಬೇಡಿ. ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು, ಉಡುಪಿ ಜಿಲ್ಲೆಯ ಘಟ್ಟದ ಬುಡಕ್ಕೂ ಅದು ಹೊಸತಲ್ಲ. ಅದನ್ನು ಹರಡುವ, ಸತ್ತ ಮಂಗದ ಮೈಯಿಂದ ಉದುರಿದ ಉಣ್ಣಿಗಳು ಸುತ್ತಲಿನ ತರಗೆಲೆಯಲ್ಲಿ ಇರುತ್ತವೆ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಅಲ್ಲಿಗೇ ಬಿಡಿ. ಮುಂಗುಸಿಯ ವಿಷಯದಲ್ಲಿ ಕಾನೂನಿನ ಮಾತು ಇದೆ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಸಂರಕ್ಷಿತ ಪ್ರಾಣಿ, ಸತ್ತದ್ದು ಸಿಕ್ಕರೂ ಸರ್ಕಾರದ ಸ್ವತ್ತು. ಕೂದಲು, ತಲೆಬುರುಡೆ ಎಂದು ಮನೆಗೆ ತರುವಂತಿಲ್ಲ. ಅರಣ್ಯ ಇಲಾಖೆಗೆ ಒಂದು ಫೋನ್ ಮಾಡಿ. ಪ್ರಾಜೆಕ್ಟ್ ಮುಂದುವರಿಸುವುದಾದರೆ ಮೀನು ಮಾರುಕಟ್ಟೆಯ ತ್ಯಾಜ್ಯ ಅಥವಾ ಕೋಳಿ ಅಂಗಡಿಯಲ್ಲಿ ಉಳಿದ ಅರ್ಧ ಕಿಲೋ ಕರುಳು-ತಲೆ ಇಟ್ಟು ಮಾಡುವುದೇ ಸುಲಭ, ಯಾವ ತಕರಾರೂ ಇಲ್ಲ. ಮನೆಯಿಂದಲೂ ಬಾವಿಯಿಂದಲೂ ದೂರ ಇಡಿ. ಮೇಲೆ ಕೋಳಿಬಲೆ ಮುಚ್ಚಿ ನಾಲ್ಕು ಮೂಲೆಗೂ ಮುರಕಲ್ಲು ಹೇರಬೇಕು, ಇಲ್ಲದಿದ್ದರೆ ಮೊದಲ ರಾತ್ರಿಯೇ ನಾಯಿ ಎಳೆದೊಯ್ಯುತ್ತದೆ.

ಹುಳ ಹಿಡಿಯಲು ದಪ್ಪ ಗ್ಲೌಸ್, ಬೂಟು ಹಾಕಿ. ಮಳೆಗಾಲದಲ್ಲಿ ಇಲಿಜ್ವರದ ಭಯ ಇರುವ ಜಿಲ್ಲೆ ನಮ್ಮದು, ಕಾಲಲ್ಲಿ ಗಾಯವಿದ್ದವರು ಈ ಕೆಲಸಕ್ಕೆ ಇಳಿಯಬಾರದು. ಬಾಯಿಂದ ಎಳೆಯುವ ಹೀರುನಳಿಕೆಯನ್ನು ಹೆಣದ ಹತ್ತಿರ ಯಾವ ಕಾರಣಕ್ಕೂ ಬಳಸಬೇಡಿ, ದೂಳು ಮತ್ತು ರೋಗಾಣು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಆಲ್ಕೋಹಾಲಿನಲ್ಲಿ ಅದ್ದಿದ ಬಣ್ಣದ ಕುಂಚದ ತುದಿಗೆ ಸಣ್ಣ ಹುಳ ತಾನಾಗಿ ಅಂಟುತ್ತದೆ, ದೊಡ್ಡವಕ್ಕೆ ಮೆದು ಚಿಮುಟ. ಹೆಣ ಎತ್ತಿದ ಜಾಗದ ಮೇಲಿನ 5 ಸೆಂಟಿಮೀಟರ್ ಮಣ್ಣನ್ನು ಕೆರೆದು, 4–5 ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ಬಿಳಿ ಬಟ್ಟೆಯ ಮೇಲೆ ಜಾಲಿಸಿ. ಬಿದ್ದ ಕೂಡಲೇ ಏನೂ ಕಾಣುವುದಿಲ್ಲ. ಐದು ನಿಮಿಷ ಅಲ್ಲಾಡದೆ ಕೂತರೆ ಒಂದೊಂದೇ ಓಡಲು ಶುರುಮಾಡುತ್ತವೆ. ಜೊತೆಗೆ ಹೆಣದಿಂದ ಒಂದಡಿ ದೂರದಲ್ಲಿ ಮೂರು ಪ್ಲಾಸ್ಟಿಕ್ ಲೋಟಗಳನ್ನು ಅಂಚು ನೆಲಮಟ್ಟಕ್ಕೆ ಬರುವಂತೆ ಹೂತು, ಎರಡು ಬೆರಳು ನೀರು, ನಾಲ್ಕು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ. ಸೋಪು ಹಾಕದಿದ್ದರೆ ಇವು ನೀರಿನ ಮೇಲೆ ನಡೆದು ಹತ್ತಿ ಹೋಗುತ್ತವೆ. ಮಳೆಗೆ ಅಡಿಕೆ ಹಾಳೆಯನ್ನು ಕಡ್ಡಿ ಊರಿ ಚಪ್ಪರದಂತೆ ಮುಚ್ಚಿ. ಮರುದಿನವೇ ಸೋಸಿ ತೆಗೆಯಬೇಕು, ಎರಡನೇ ದಿನಕ್ಕೆ ಕೊಳೆತು ಉಂಗುರಗಳು ಕಳಚುತ್ತವೆ.

ಹುಳಗಳನ್ನು ಹಾಕಿಡಲು 70 ಶೇಕಡಾ ಆಲ್ಕೋಹಾಲ್. ಕಾಲೇಜಿನ 96 ಶೇಕಡಾ ರೆಕ್ಟಿಫೈಡ್ ಸ್ಪಿರಿಟ್ 73 ಮಿಲಿಲೀಟರಿಗೆ 27 ಮಿಲಿಲೀಟರ್ ನೀರು. ಸ್ಯಾನಿಟೈಸರ್ ಜೆಲ್ ಬೇಡ, ಅದರ ಅಂಟು ಚುಕ್ಕೆಸಾಲನ್ನು ಮುಚ್ಚುತ್ತದೆ. ನೊಣದ ಮರಿಗಳನ್ನು ಮಾತ್ರ ಮೊದಲು ಅರ್ಧ ನಿಮಿಷ ಕುದಿಯುವುದಕ್ಕೆ ಸ್ವಲ್ಪ ಮೊದಲಿನ ಬಿಸಿನೀರಲ್ಲಿ ಅದ್ದಿ ಆಮೇಲೆ ಆಲ್ಕೋಹಾಲಿಗೆ ಹಾಕಬೇಕು, ನೇರ ಹಾಕಿದರೆ ಮುದುಡಿ ಕಪ್ಪಾಗುತ್ತವೆ. ಸೀಸೆಯೊಳಗೇ ಪೆನ್ಸಿಲಿನಲ್ಲಿ ಬರೆದ ಚೀಟಿ ಇರಲಿ: ಊರು, ದಿನಾಂಕ, ಯಾವ ಪ್ರಾಣಿ, ಎಷ್ಟನೇ ದಿನ, ಹೆಣದ ಯಾವ ಭಾಗ ಅಥವಾ ಮಣ್ಣು. ಪೆನ್ನಿನ ಶಾಯಿ ಕರಗಿ ಹೋಗುತ್ತದೆ. ಚೀಟಿ ಇಲ್ಲದ ಹುಳ ಎಷ್ಟು ಚಂದವಿದ್ದರೂ ವಿಜ್ಞಾನಕ್ಕೆ ಕಸ.

ಸತ್ತ ಸಮಯದ ಪ್ರಶ್ನೆ. ರೋವ್ ಬೀಟಲ್ ನೋಡಿ ದಿನ ಹೇಳುವುದಕ್ಕೆ ಆಗುವುದಿಲ್ಲ. ಅವು ಮರಿಹುಳು ಇರುವಷ್ಟು ಕಾಲವೂ ಬಂದು ಹೋಗುತ್ತಿರುತ್ತವೆ. ಲೆಕ್ಕ ಹಾಕುವುದು ನೊಣದ ಮರಿಯ ಬೆಳವಣಿಗೆಯಿಂದ. ನಮ್ಮ ಕರಾವಳಿಯ ಸೆಕೆಯಲ್ಲಿ ಕ್ರೈಸೋಮಿಯಾದ ಮೊಟ್ಟೆ ಒಂದು ದಿನದೊಳಗೆ ಒಡೆಯುತ್ತದೆ, ಮೊಟ್ಟೆಯಿಂದ ಹೊಸ ನೊಣವಾಗಲು ಸುಮಾರು ಹತ್ತು ದಿನ. ಅದರಿಂದ ಕಂದು ಕೋಶ ಕಂಡರೆ ಕೆಲವು ದಿನ ಕಳೆದಿದೆ, ಖಾಲಿ ಕೋಶ ಕಂಡರೆ ಹತ್ತರ ಆಸುಪಾಸು ದಾಟಿದೆ ಎನ್ನಬಹುದು. ಒಣಗಿ ಚರ್ಮ-ಮೂಳೆಯಾದ ಮೇಲೆ ರೋಮದ ಕಂದು ಮರಿಗಳ ಡರ್ಮೆಸ್ಟಿಸ್, ನೀಲಿಮೈ ಕೆಂಪುಕಾಲಿನ ನೆಕ್ರೋಬಿಯಾ ಬರುತ್ತವೆ. ಒಣಮೀನಿಗೂ ಕೊಬ್ಬರಿಗೂ ಬೀಳುವ ಅದೇ ನೆಕ್ರೋಬಿಯಾ. ಜಡಿಮಳೆ, ನೆರಳು, ರಾತ್ರಿ ಸತ್ತದ್ದು, ಪೊದೆಯಡಿ ಇದ್ದದ್ದು ಎಲ್ಲವೂ ಈ ಲೆಕ್ಕವನ್ನು ಕೆಡಿಸುತ್ತದೆ.

ವಿಷದ ವಿಷಯದಲ್ಲಿ ಹುಳ ಕಣ್ಣಿಗೆ ಏನೂ ಹೇಳುವುದಿಲ್ಲ. ಕೆಲವು ಕೀಟನಾಶಕಗಳಿಂದ ಸತ್ತ ಪ್ರಾಣಿಯ ಮೇಲೆ ನೊಣ ತಡವಾಗಿ ಮೊಟ್ಟೆಯಿಡಬಹುದು, ಮರಿಹುಳುವಿನ ದೇಹದಲ್ಲಿ ವಿಷದ ಅಂಶ ಪ್ರಯೋಗಾಲಯದಲ್ಲಿ ಪತ್ತೆಯಾಗಬಹುದು. ಆದರೆ ‘ಹುಳ ಕಮ್ಮಿ ಇವೆ, ಹಾಗಾದರೆ ವಿಷ’ ಎನ್ನುವ ತರ್ಕ ನಿಲ್ಲುವುದಿಲ್ಲ. ನಿನ್ನೆಯ ಮಳೆಯೂ ಅದನ್ನೇ ಮಾಡುತ್ತದೆ. ಅನುಮಾನ ಗಟ್ಟಿ ಇದ್ದರೆ ಹೆಣ ಹಸಿಯಿರುವಾಗಲೇ ಪಶುವೈದ್ಯರಿಗೂ ಅರಣ್ಯ ಇಲಾಖೆಗೂ ತಿಳಿಸಬೇಕು, ಹತ್ತು ದಿನ ಕಳೆದ ಮೇಲೆ ಹೆಚ್ಚು ಉಳಿದಿರುವುದಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ನಿಜಕ್ಕೂ ಚಿಂತೆ ಹುಟ್ಟಿಸಿದ್ದು ಕೋಳಿಗಳು. ರೋವ್ ಬೀಟಲ್ ಕೋಳಿಗೆ ಏನೂ ಮಾಡುವುದಿಲ್ಲ. ಆದರೆ ಕೊಳೆತ ಹೆಣದ ಮರಿಹುಳುಗಳಲ್ಲಿ ಬಾಟ್ಯುಲಿಸಂ ಎಂಬ ಬ್ಯಾಕ್ಟೀರಿಯಾ ವಿಷ ಸೇರಿರಬಹುದು, ಅದನ್ನು ತಿಂದ ಕೋಳಿ ಕುತ್ತಿಗೆ ಎತ್ತಲಾಗದೆ ಜೋತುಬಿದ್ದು ಸಾಯುತ್ತದೆ. ಪ್ರಾಣಿ ವಿಷದಿಂದ ಸತ್ತದ್ದಾದರೆ ಆ ವಿಷವೂ ಹುಳುಗಳ ಮೂಲಕವೇ ಬರುತ್ತದೆ. ದನಗಳೂ ಎಲುಬು ನೆಕ್ಕದಂತೆ ನೋಡಿಕೊಳ್ಳಿ. ಅರಣ್ಯ ಇಲಾಖೆಯವರು ಹೂಳಲು ಹೇಳಿದರೆ ಬಾವಿಯಿಂದ ಕನಿಷ್ಠ 100 ಅಡಿ ದೂರದಲ್ಲಿ, ನೀರು ನಿಲ್ಲದ ಎತ್ತರದ ಜಾಗದಲ್ಲಿ, ಮೂರು-ನಾಲ್ಕು ಅಡಿ ಆಳ ಹೂತು ಮೇಲೆ ಕಲ್ಲು ಹೇರಿ. ಕೀಟನಾಶಕ ಹೊಡೆಯಬೇಡಿ. ನೊಣ ಕಡಿಮೆ ಮಾಡುತ್ತಿರುವವರೇ ಈ ಜೀರುಂಡೆಗಳು.

ಹೆಸರು ಖಚಿತವಾಗಬೇಕಾದರೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದ ಅನ್ವಯಿಕ ಪ್ರಾಣಿಶಾಸ್ತ್ರ ವಿಭಾಗವನ್ನೋ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋವನ್ನೋ ಕಾಲೇಜಿನ ಮೂಲಕ ವಿಚಾರಿಸಿ. ಒಂದೇ ಹುಳ ಕಳಿಸಬೇಡಿ; ಒಂದೇ ಬಗೆಯದು ಐದಾರಾದರೂ ಇರಲಿ, ಗಂಡು ಸಿಗುವ ಸಾಧ್ಯತೆ ಹೆಚ್ಚುತ್ತದೆ. ಮೇಲಿನಿಂದ, ಪಕ್ಕದಿಂದ, ತಲೆಯ ಹತ್ತಿರದಿಂದ ಮೂರು ಫೋಟೋ, ಪಕ್ಕದಲ್ಲಿ ಮಿಲಿಮೀಟರ್ ಸ್ಕೇಲ್ ಇರಲಿ. ಪಿನ್ ಚುಚ್ಚಿ ಪೆಟ್ಟಿಗೆಯಲ್ಲಿಡುವ ಕೆಲಸವನ್ನು ಮಳೆ ಪೂರ್ತಿ ಬಿಟ್ಟ ಮೇಲೆ ಮಾಡಲಿ. ಮಳೆಗಾಲದ ತೇವದಲ್ಲಿ ವಾರದೊಳಗೆ ಬೂಷ್ಟು ಹಿಡಿಯುತ್ತದೆ. ಅಲ್ಲಿಯವರೆಗೆ ಸೀಸೆಯಲ್ಲೇ ಇರಲಿ, ತಿಂಗಳಿಗೊಮ್ಮೆ ಆಲ್ಕೋಹಾಲ್ ಇಳಿದಿದೆಯೇ ನೋಡಿ ತುಂಬಿಸಿ.